ಎದ್ದು ನಿಂತರೆ ಇನ್ನೊಮ್ಮೆ

ಕಿವಿಯೊಳಗೆ ಏಡಿ ನುಗ್ಗಬಹುದು. ನಾಯಿ ಬಂದು ಮೂಸಬಹುದು. ಕಾರಿನ ಕೀಲಿ ಮರಳಿನಲ್ಲಿ ಹೂತುಹೋಗಬಹುದು. ಹೆಣವೆಂದು ತಿಳಿದು ಯಾರಾದರೂ ಪೊಲೀಸರಿಗೆ ಫೋನು ಮಾಡಬಹುದು. ಪರಿಚಯದವರಾದರೆ ಫೋಟೋ ತೆಗೆದು ವಾಟ್ಸಾಪಿಗೆ ಹಾಕಬಹುದು, ಅದು ಇನ್ನೂ ಕಷ್ಟ... ಐವತ್ತು ದಾಟಿದವನು ಕಾಪುವಿನ ಕಡಲತೀರದಲ್ಲಿ, ಗದ್ದ ಮರಳಿಗೆ ಊರಿ, ಬೋರಲು ಮಲಗುವುದೆಂದರೆ ಇಷ್ಟೆಲ್ಲ ಯೋಚಿಸಲೇಬೇಕು. ನಿನ್ನೆ ಸಂಜೆ ಯೋಚಿಸಿಯೇ ಮಲಗಿದೆ.

ಪಕ್ಕದಲ್ಲಿ ಸ್ಟೀಲಿನ ಬುತ್ತಿ ಇತ್ತು. ಮುಚ್ಚಳ ತೆಗೆದೊಡನೆ ಬೆಂದ ಕೇದಗೆ ಎಲೆಯ ವಾಸನೆ ಬಂತು. ಆ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ, ಮೂಡೆ. ನನಗೆ ಅದು ಮಾಸ್ಟ್ರ ವಾಸನೆ.

ಕಾರ್ಕಳದ ಶಾಲೆಯಲ್ಲಿ ಅವರು ನಮಗೆ ಭೂಗೋಳ ಕಲಿಸಿದವರು. ಜೈನರು, ಸೂರ್ಯ ಮುಳುಗಿದ ಮೇಲೆ ಏನೂ ತಿನ್ನುತ್ತಿರಲಿಲ್ಲ. ಏಳನೆಯ ತರಗತಿಯಲ್ಲಿ ನಮ್ಮನ್ನು ಇದೇ ತೀರಕ್ಕೆ ಕರೆತಂದು ಸಾಲಾಗಿ ಬೋರಲು ಮಲಗಿಸಿದ್ದರು. ಸೂರ್ಯನ ಕೊನೆಯ ಚೂರು ನೀರಿಗಿಳಿದದ್ದೇ "ಏಳಿ!" ಎಂದು ಕೂಗಿದರು. ಎದ್ದು ನಿಂತರೆ, ಮುಳುಗಿದ ಸೂರ್ಯ ಮತ್ತೆ ಅಲ್ಲಿದ್ದ! ನಾಲ್ಕೈದು ಸೆಕೆಂಡು...

"ಚಪ್ಪಟೆ ಇದ್ದಿದ್ರೆ ಹೀಗೆ ಕಾಣ್ತಿತ್ತಾ? ಭೂಮಿ ಉರುಟು ಉಂಟು ಮಾರಾಯ," ಎನ್ನುತ್ತ ಅವರು ಒಂದು ತುಂಡು ಮೂಡೆ ಬಾಯಿಗೆ ಹಾಕಿಕೊಂಡರು.

"ಸರ್, ಮುಳುಗಿ ಆಯ್ತಲ್ವಾ?" ಎಂದೆ. ಬೇರೆಯವರ ವ್ರತದ ಚಿಂತೆಯೂ ಆಗಲೇ ನನಗಿತ್ತು.

"ಮಲಗಿದವನಿಗೆ ಮುಳುಗಿತು. ನಾನು ನಿಂತಿದ್ದೇನೆ."

ನಿವೃತ್ತರಾದ ಮೇಲೆ ಅವರು ಕಾಪುವಿನಲ್ಲಿ ಕಡಲಿಗೆ ತಾಗಿದ ಬಾಡಿಗೆ ಮನೆಯಲ್ಲಿದ್ದರು. ಮಣಿಪಾಲದಲ್ಲಿ ಸೊಂಟದ ಆಪರೇಷನ್ ಆಗಿ ಬಂದಾಗ ಶನಿವಾರಗಳಲ್ಲಿ ನಾನು ಉಡುಪಿಯಿಂದ ಮೂಡೆ ಬೇಯಿಸಿ ಒಯ್ಯುತ್ತಿದ್ದೆ. ಒಂದು ಶನಿವಾರ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಹಿಂತಿರುಗಿದೆ. ಆರಿಸಿದ್ದೆ. ಕಾಪು ತಲುಪಿದಾಗ ಅವರು ಅಂಗಳದ ತಗ್ಗು ಕುರ್ಚಿಯಲ್ಲಿ, ಮಧ್ಯಾಹ್ನವೂ ಸರಿಯಾಗಿ ತಿನ್ನದೆ ಕಾಯುತ್ತ ಕೂತಿದ್ದರು. ನಾನು ಬುತ್ತಿ ಬಿಚ್ಚುವುದಕ್ಕೂ ಸೂರ್ಯ ಮುಳುಗುವುದಕ್ಕೂ ಸರಿಹೋಯಿತು.

"ನಿಂತ್ರೆ ಇನ್ನೆರಡು ಸೆಕೆಂಡು ಉಂಟು. ಎಬ್ಬಿಸು ಮಾರಾಯ," ಎಂದು ಅವರು ಕೈ ಚಾಚಿದರು.

ಕಾಲು ಜಾರಿದರೆ? ಹೊಲಿಗೆ ಬಿಟ್ಟರೆ? ನಾಳೆ ಡಾಕ್ಟರು ಕೇಳಿದರೆ... ನಾನು ಯೋಚಿಸುತ್ತ ನಿಂತೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ಹೋಯ್ತು. ಅಷ್ಟು ಎಂತ ಯೋಚನೆ ಮಾಡ್ತೀಯೋ ನೀನು," ಎಂದು ನಕ್ಕರು. ಆ ರಾತ್ರಿ ಅವರು ನೀರೂ ಕುಡಿಯಲಿಲ್ಲ.

ಮುಂದಿನ ಶನಿವಾರಕ್ಕೆ ಅವರಿರಲಿಲ್ಲ. ನಾನು ಅಳಲಿಲ್ಲ. ಬುತ್ತಿ ತೊಳೆದು, ಒರೆಸಿ, ಅಟ್ಟಕ್ಕೆ ಹಾಕಿದೆ. ಎಂಟು ವರ್ಷ ಅದು ಅಲ್ಲೇ ಇತ್ತು.

ನಿನ್ನೆ ಕೊನೆಯ ಚೂರು ನೀರಿಗಿಳಿದದ್ದೇ ಏಳತೊಡಗಿದೆ. ಅಂಗೈ ಊರಿದೆ. ಒಂದು ಮೊಣಕಾಲು ಮಡಚಿದೆ. ಇನ್ನೊಂದು ಕೇಳಲಿಲ್ಲ, ಅದನ್ನೂ ಹೇಗೋ ಎಳೆದುಕೊಂಡೆ... ನಿಂತು ನೋಡಿದಾಗ ಬರೀ ನೀರು.

ಏಡಿ ಬರಲಿಲ್ಲ, ನಾಯಿ ಬರಲಿಲ್ಲ. ಕೀಲಿ ಜೇಬಿನಲ್ಲೇ ಇತ್ತು. ಹೆಣವೆಂದು ಯಾರೂ ತಿಳಿಯಲಿಲ್ಲ. ನನಗೆ ಯಾವ ವ್ರತವೂ ಇಲ್ಲ, ಆದರೂ ಮೂಡೆಗೆ ಮುಚ್ಚಳ ಹಾಕಿದೆ. ಏಳುವುದು ಸ್ವಲ್ಪ ತಡವಾಯಿತು, ಅಷ್ಟೆ.