ಬಿದ್ದವನ ಮೇಲೆ ಹಲಗೆ ಇಲ್ಲ

ಎಕಂಬಾದ ಧೊಂಡಿಬಾ ತನ್ನ ಚರ್ಮವಾದ್ಯ ಹಲಗೆಯನ್ನು ಮುಟ್ಟಿ ಆರು ವರ್ಷವಾಗಿತ್ತು. ಅದಕ್ಕೂ ಮೊದಲು ಔರಾದ್ ತಾಲ್ಲೂಕಿನಲ್ಲಿ ಅವನ ಹಲಗೆ ಇಲ್ಲದ ಕುಸ್ತಿ ಕಣಕ್ಕೆ ಕಳೆಯೇ ಇರುತ್ತಿರಲಿಲ್ಲ. ಕಣದ ಕಟ್ಟಳೆ ಒಂದೇ: ಬೆನ್ನು ಮಣ್ಣು ಮುಟ್ಟಿತೋ, ಹಲಗೆ ನಿಲ್ಲಬೇಕು. ಜನರ ಕೂಗಾಟದಲ್ಲಿ ಪೈಲ್ವಾನನಿಗೆ ಪಂಚರ ಮಾತು ಕೇಳಿಸುವುದಿಲ್ಲ. ಹಲಗೆ ನಿಂತರೆ ಮಾತ್ರ ಅವನ ಹಿಡಿತ ಸಡಿಲುತ್ತದೆ.

ಆರು ವರ್ಷದ ಹಿಂದೆ ಕಮಲನಗರದ ಕಣದಲ್ಲಿ ಧೊಂಡಿಬಾ ಹಲಗೆ ನಿಲ್ಲಿಸಲಿಲ್ಲ. ಮಂದಿ ಶಿಳ್ಳೆ ಹೊಡೆದರೆಂದು ಉಬ್ಬುವವನಿಗೆ ಬುದ್ಧಿ ಎಲ್ಲಿಂದ ಬರಬೇಕು? ನಾಲ್ಕೇ ಪೆಟ್ಟು ಹೆಚ್ಚು ಬಾರಿಸಿದ. ಎದುರಾಳಿ ಹಿಡಿತ ಬಿಡಲಿಲ್ಲ; ಕೆಳಗೆ ಬಿದ್ದಿದ್ದ ಗೆಳೆಯ ಹಾವಗೆಪ್ಪನ ಬಲಭುಜ ಮುರಿಯಲು ಅಷ್ಟೇ ಸಾಕಾಯಿತು. ಆ ತೋಳು ಮತ್ತೆ ಮೇಲೇಳಲಿಲ್ಲ. ಹಾವಗೆಪ್ಪ ಆ ಬಗ್ಗೆ ಅಂದಿನಿಂದ ಒಂದು ಮಾತೂ ಆಡಿರಲಿಲ್ಲ. ಬೈದಿದ್ದರೆ ಧೊಂಡಿಬಾ ಬದುಕಿಕೊಳ್ಳುತ್ತಿದ್ದ.

ಬೀದರಿನಲ್ಲಿ ರೆಕಾರ್ಡಿಂಗ್ ಕೋಣೆ ಇಟ್ಟಿರುವ ಭಾಲ್ಕಿಯ ಅಮೋಲ್, ಹೈದರಾಬಾದಿನವರ ಹೊಡೆದಾಟದ ವಿಡಿಯೋ ಗೇಮಿಗೆ ಸಂಗೀತ ಮಾಡುತ್ತಿದ್ದ. ಹಲಗೆ ಬೇಕೆಂದು ಮೂರು ಸಲ ಫೋನ್ ಮಾಡಿದ. ಧೊಂಡಿಬಾ ಒಲ್ಲೆನೆಂದ. ಮತ್ತೆ ಕೈ ನಿಲ್ಲದೇ ಹೋದರೆ ಎಂಬ ಭಯ. ಕೊನೆಗೆ ಹಾವಗೆಪ್ಪನೇ, “ನಡಿ, ನಾನೂ ಬರ್ತೇನಿ” ಎಂದು ಸಂತಪುರದಲ್ಲಿ ಬಸ್ಸು ಹತ್ತಿಸಿದ. ಇವನು ಯಾಕೆ ಬಂದ, ನಾನು ಮತ್ತೆ ತಪ್ಪುವುದನ್ನು ನೋಡಲಿಕ್ಕೋ? ದಾರಿಯುದ್ದಕ್ಕೂ ಧೊಂಡಿಬಾನಿಗೆ ಅದೇ ಕೊರೆತ.

ಕೋಣೆಯ ಹೊರಗೆ ಕಾಗದ ಸುಟ್ಟು, ಚರ್ಮ ಬಿಗಿಯಾಗಲೆಂದು ಹಾವಗೆಪ್ಪ ಎಡಗೈಯಲ್ಲೇ ಹಲಗೆ ಕಾಯಿಸಿಕೊಟ್ಟು, ಒಳಗೆ ಬಂದು ಹಿಂದೆ ಕೂತ. ಧೊಂಡಿಬಾ ಎರಡು ಸಲ ಬಾರಿಸಿದರೂ ಪೆಟ್ಟಿನಲ್ಲಿ ಜೀವವಿರಲಿಲ್ಲ. ಅಮೋಲ್ ಗಡಿಯಾರ ನೋಡಿದ.

“ನಾಕಕ್ಕ ಕಳಸಬೇಕ್ರಿ ಕಾಕಾ. ಇಲ್ಲಂದ್ರ ಅವ್ರು ಕಂಪ್ಯೂಟರ್ ಹಲಗಿ ಹಾಕ್ತಾರ.”

“ಕುಸ್ತಿ ಕಾಣ್ದ ನನ್ನ ಕೈ ಏಳಂಗಿಲ್ರಿ.”

ಅಮೋಲ್ ಪರದೆಯ ಮೇಲೆ ಆಟವನ್ನೇ ಹಚ್ಚಿದ. ಇಬ್ಬರು ಜಟ್ಟಿಗಳು ಎದುರಾದರು. ಧೊಂಡಿಬಾನ ಕೈ ಎದ್ದಿತು. ಹೆಜ್ಜೆಗೆ ಹೆಜ್ಜೆ, ಗುದ್ದಿಗೆ ಗುದ್ದು. ಕಾದಾಡುವವರು ಬರೀ ಬೊಂಬೆಗಳೆಂಬುದೂ ಅವನಿಗೆ ಮರೆತುಹೋಯಿತು. ಅಮೋಲ್ ಉಸಿರು ಬಿಗಿಹಿಡಿದ. ಒಬ್ಬ ಜಟ್ಟಿ ಬಿದ್ದ. ಇನ್ನೊಬ್ಬ ಅವನ ಎದೆಗೆ ಒದೆಯತೊಡಗಿದ.

ಹಲಗೆ ನಿಂತಿತು.

“ನಿಲ್ಲಸಬ್ಯಾಡ್ರಿ ಕಾಕಾ,” ಅಮೋಲ್ ಕೈ ಬೀಸಿದ. “ಇಲ್ಲೇ ಜೋರ್ ಬೇಕು.”

ಧೊಂಡಿಬಾನ ಕಡ್ಡಿ ಗಾಳಿಯಲ್ಲೇ ಇತ್ತು. ಪರದೆಯಲ್ಲಿ ಒದೆತ ನಿಂತಿರಲಿಲ್ಲ. ಹಿಂದೆ ಕೂತವನ ಮುಖ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ.

“ಬಿದ್ದಾಂವನ ಮ್ಯಾಲ ಬಾರ್ಸಂಗಿಲ್ರಿ. ಬೇಕಂದ್ರ ಕಂಪ್ಯೂಟರ್‌ದೇ ಹಾಕ್ರಿ.”

ಹಿಂದಿನಿಂದ ಒಂದು ಎಡಗೈ ಧೊಂಡಿಬಾನ ಹೆಗಲ ಮೇಲೆ ಬಂದು ಕೂತಿತು.

“ಆವತ್ತ ಮಣ್ಣಾಗ ಬಿದ್ದು ನಾಕು ಪೆಟ್ಟು ಎಣಿಸೀನಿ, ಧೊಂಡ್ಯಾ,” ಎಂದ ಹಾವಗೆಪ್ಪ. “ಇವತ್ತ ಒಂದೂ ಬೀಳಲಿಲ್ಲ.”

ಧೊಂಡಿಬಾನ ಕಣ್ಣು ತುಂಬಿ ಬಂದವು. ಪರದೆಯಲ್ಲಿ ಬಿದ್ದಿದ್ದ ಜಟ್ಟಿ ಎರಡನೇ ಸುತ್ತಿಗೆ ಎದ್ದು ನಿಂತ.

“ಎದ್ದಾನ ನೋಡು,” ಎಂದ ಹಾವಗೆಪ್ಪ. “ಇನ್ನ ಬಾರಸು.”