ಜಯಕ್ಕ ಕೇಳಿದ ತುರಿಮಣೆ

ಜಯಕ್ಕನ ಅಡುಗೆಮನೆಯ ಗೋಡೆಗೆ ಗಟ್ಟಿಮುಟ್ಟಾದ ತುರಿಮಣೆಯೊಂದು ಸದಾ ಒರಗಿರುತ್ತಿತ್ತು. ಆದರೂ ಬೀದಿಗೆ ಹೊಸ ಸಂಸಾರ ಬಂದಾಗಲೆಲ್ಲ ಅವರ ಬಾಗಿಲಲ್ಲಿ ನಿಂತು, "ಕಾಯಿ ತುರಿಯೋ ಮಣೆ ಇದ್ರೆ ಕೊಡವ್ವ, ನಮ್ದು ಮುರ್ದೋಗೈತೆ" ಎನ್ನುತ್ತಿದ್ದಳು. ತಿಪಟೂರಿನಲ್ಲಿದ್ದುಕೊಂಡು ತುರಿಮಣೆ ಇಲ್ಲವೆಂದು ಹೇಳಲು ಧೈರ್ಯ ಬೇಕು.

ಗಂಡ ಹೋದ ಮೇಲೆ ಮಂಡಿಯಲ್ಲಿ ಕೊಬ್ಬರಿ ಆರಿಸಿ ಬದುಕಿದವಳು. ದೊಡ್ಡ ಗಂಟಲು, ಬಾಯಿ ತುಂಬ ಎಲೆಅಡಿಕೆ. ನನಗೆ ಒಡಹುಟ್ಟಿದವರಿಲ್ಲ. ಪಕ್ಕದ ಮನೆಯ ಜಯಕ್ಕ ನನ್ನವಳು, ನನ್ನೊಬ್ಬಳವಳು ಎಂದುಕೊಂಡಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ಸಿಲೋನಿನಿಂದ ವಾಪಸು ಬಂದ ತಮಿಳರ ಸಂಸಾರವೊಂದು ಎದುರುಮನೆಗೆ ಬಂತು. ಗಂಡನಿಗೆ ಎಣ್ಣೆ ಗಿರಣಿಯಲ್ಲಿ ಕೆಲಸ. ಹೆಂಡತಿ ಸೆಲ್ವಿ ಬಾಗಿಲು ಹಾಕಿಕೊಂಡೇ ಇರುತ್ತಿದ್ದಳು. ಎಲ್ಲರೂ ನೀರು ಹಿಡಿದು ಹೋದ ಮೇಲೆ ನಲ್ಲಿಗೆ ಬರುತ್ತಿದ್ದಳು. ಜಯಕ್ಕ ಅವಳ ತುರಿಮಣೆ ಇಸಿದುಕೊಂಡು ಬಂದು, ಬೀದಿಗೆಲ್ಲ ಕೇಳುವಂತೆ, "ಇದ್ರ ಹಲ್ಲು ನೋಡ್ರೇ, ಎಂಗ್ ತುರೀತದೆ" ಅಂದಳು. ಸಂಜೆ ಒಂದು ಬಟ್ಟಲು ಚಟ್ನಿಯೊಂದಿಗೆ ಅದನ್ನು ಹಿಂದಿರುಗಿಸಿದಳು. ಆಮೇಲೆ ಒಬ್ಬೊಬ್ಬರೇ ಸೆಲ್ವಿಯ ಬಾಗಿಲು ತಟ್ಟತೊಡಗಿದರು. ಮಳೆಗಾಲದ ಹೊತ್ತಿಗೆ ಅವಳು ನಲ್ಲಿಯ ಹತ್ತಿರ ನಮ್ಮದೇ ಕನ್ನಡದಲ್ಲಿ ನಮ್ಮೊಡನೆ ಜಗಳಕ್ಕೆ ನಿಲ್ಲುತ್ತಿದ್ದಳು. ಜಯಕ್ಕನ ಜಗಲಿಯ ಮೇಲೆ, ನಾನು ಕೂರುವ ಜಾಗದಲ್ಲೇ ಕೂತು ಹೂ ಕಟ್ಟುತ್ತಿದ್ದಳು.

ನನಗೆ ಹೊಟ್ಟೆ ಉರಿದುಹೋಯಿತು. ಒಂದು ದಿನ ಕೇಳಿಯೇಬಿಟ್ಟೆ: "ನಮ್ಮನೇಲಿ ಮಣೆ ಇಲ್ವಾ ಜಯಕ್ಕ? ನನ್ನತ್ರ ಒಂದಿನಾನೂ ಏನೂ ಕೇಳ್ಲಿಲ್ವಲ್ಲ ನೀನು."

"ನೀನು ಈ ಊರೋಳೇ ಅಲ್ವೇನೇ" ಎಂದು ನಕ್ಕಳು. "ಹೊಸಬ್ರಿಗೆ ನಾವಾಗಿ ಕೊಟ್ರೆ ಮುದುರ್ಕೋತಾರೆ ಕಣೇ. ಅವ್ರತ್ರ ಕೇಳುದ್ರೆ, ಪರ್ವಾಗಿಲ್ಲ, ನಮ್ಮಿಂದ್ಲೂ ಇವ್ರಿಗೆ ಏನೋ ಆಗ್ಬೇಕು ಅಂತ ತಲೆ ಎತ್ತುತಾರೆ."

ಮಾತೇನೋ ಸರಿಯೇ. ಉರಿ ಮಾತ್ರ ಆರಲಿಲ್ಲ. ಅವಳು ನನ್ನನ್ನೂ ಏನಾದರೂ ಕೇಳಲಿ ಎಂದು ವರ್ಷಗಟ್ಟಲೆ ಕಾದೆ.

ಮುಂದೆ ಜಯಕ್ಕನ ಕಾಲು ಸ್ವಾಧೀನ ತಪ್ಪಿದಾಗ ಅವಳ ತಮ್ಮ ಬಂದು, ಆ ತುರಿಮಣೆಯ ಸಮೇತ ಹುಳಿಯಾರಿಗೆ ಕರೆದೊಯ್ದ. ನಾನು ಚೀಲದ ತುಂಬ ತೆಂಗಿನಕಾಯಿ ಹೊತ್ತು ಬಸ್ಸು ಹತ್ತಿದೆ. ಪರಿಚಯವಿಲ್ಲದ ಬೀದಿಯ ಜಗಲಿಯಲ್ಲಿ ಜಯಕ್ಕ ಒಬ್ಬಳೇ ಕೂತಿದ್ದಳು. ಈಗ ಅವಳೇ ಹೊಸಬಳು. ಕಾಯಿ ಒಡೆದು ಚಟ್ನಿ ಮಾಡೋಣವೆಂದು ತುರಿಮಣೆ ಹುಡುಕಿದೆ.

"ಮಣೆ ಇಲ್ಲ ಕಣೇ. ಮೊನ್ನೆ ಸೆಲ್ವಿ ಬಂದು ಇಸ್ಕೊಂಡೋದ್ಲು. ಅವ್ಳ್ದು ಮುರ್ದೋಗೈತಂತೆ." ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ತಿಪಟೂರಿಂದ ಬಸ್ಸತ್ಕೊಂಡು ಬಂದವ್ಳೆ, ಅದುಕ್ಕೆ."

ತುಂಬಿದ ಚೀಲವನ್ನು ಮೂಲೆಗೆ ತಳ್ಳಿದೆ. ಬರಿಗೈಲಿ ಹೋಗಿ ಕೇಳುವ ಬುದ್ಧಿ ನನಗೇಕೆ ಬರಲಿಲ್ಲ?

ಸೆಲ್ವಿ ಮಣೆ ಹಿಂದಿರುಗಿಸುವ ಮೊದಲೇ ಜಯಕ್ಕ ಹೋಗಿಬಿಟ್ಟಳು. ಅದು ಈಗಲೂ ಎದುರುಮನೆಯಲ್ಲಿದೆ. ಹಬ್ಬ ಬಂದರೆ ನಾನು ಹೋಗಿ, ನಮ್ಮದು ಮುರಿದುಹೋಗಿದೆ ಎಂದು ಕೇಳಿ ತರುತ್ತೇನೆ. "ಬೇಗ ತಂದ್ಕೊಡಕ್ಕ" ಎನ್ನುತ್ತಾಳೆ ಸೆಲ್ವಿ. ಅವಳೇ ಬಂದು ಕೇಳಲಿ ಎಂದು ನಾನು ಬೇಕೆಂದೇ ತಡಮಾಡುತ್ತೇನೆ.