ಈಶ್ವರಿ ಬಳ್ಳಿಯ ಕೊನೆಯ ಚಿಟ್ಟೆ

ಸರೋಜಕ್ಕ, ನಿಮ್ಮ ನಡುಮನೆಯಲ್ಲಿ, ಯಜಮಾನರ ಫೋಟೋದ ಪಕ್ಕ ಕಟ್ಟು ಹಾಕಿಸಿ ತೂಗುಹಾಕಿದ್ದೀರಲ್ಲ, ಆ ಚಿಟ್ಟೆ—ನಾನು ಅದರ ಫೋಟೋ ತೆಗೆದಾಗ ಅದಕ್ಕೆ ಜೀವವಿರಲಿಲ್ಲ. ಕೊಂದವನು ನಾನು. ಕೊಂದದ್ದು ನಿಮ್ಮದೇ ಫ್ರಿಜ್ಜಿನಲ್ಲಿ. ಇಷ್ಟು ಹೇಳುವುದಕ್ಕೆ ನನಗೆ ಎಂಟು ವರ್ಷ ಬೇಕಾಯಿತು.

ವಿಮಾನಪುರದ ಹಿಂದಿನ ನಿಮ್ಮ ಮನೆಯ ತಾರಸಿ ಕೋಣೆಗೆ ನಾನು ಬಾಡಿಗೆಗೆ ಬಂದಾಗ ಸಿಂಧನೂರಿನಿಂದ ತಂದದ್ದು ಒಂದು ಟ್ರಂಕು, ಒಂದು ಹಳೆಯ ಕ್ಯಾಮೆರಾ. ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನ ಹತ್ತಿರದ ಫೋಟೋ ಸ್ಟುಡಿಯೋದಲ್ಲಿ ಕೆಲಸ. ದಿನವಿಡೀ ಪಾಸ್‌ಪೋರ್ಟ್ ಸೈಜಿನ ಮುಖಗಳಿಗೆ, ಗದ್ದ ಮೇಲೆತ್ತಿ, ಅಲುಗಾಡಬೇಡಿ, ನಗಬೇಡಿ ಎನ್ನುವುದೇ ನನ್ನ ಕಸುಬು. ಅಲುಗಾಡುವ ಏನನ್ನಾದರೂ ತೆಗೆಯಬೇಕು ಎಂಬ ಹುಚ್ಚು ಹಿಡಿದದ್ದು ನಿಮ್ಮ ಹಿತ್ತಲಿನಲ್ಲಿ.

ಅಲ್ಲಿ ಕಾಂಪೌಂಡಿನ ಮೇಲೆ ಹಬ್ಬಿದ ಈಶ್ವರಿ ಬಳ್ಳಿ. ಆ ಜಾಗವೆಲ್ಲ ಇನ್ನೂ ರಾಗಿ ಹೊಲವಾಗಿದ್ದ ಕಾಲದಲ್ಲಿ, ಹಾವು ಹತ್ತಿರ ಬಾರದಿರಲಿ ಎಂದು ನಿಮ್ಮ ಅತ್ತೆ ನೆಟ್ಟದ್ದಂತೆ. ಆ ಬಳ್ಳಿಗೆ ಕಪ್ಪು ರೆಕ್ಕೆಯ, ರಕ್ತಗೆಂಪು ಮೈಯ ಚಿಟ್ಟೆಗಳು ಬರುತ್ತಿದ್ದವು. ಅವುಗಳ ಮರಿಹುಳುಗಳಿಗೆ ಆ ಜಾತಿಯ ಬಳ್ಳಿ ಬಿಟ್ಟರೆ ಬೇರೆ ಊಟ ಒಗ್ಗುವುದಿಲ್ಲ. ಹುಳುಗಳು ಎಲೆಯನ್ನೆಲ್ಲ ಬೋಳಿಸಿದರೂ ನೀವು ಮುಟ್ಟುತ್ತಿರಲಿಲ್ಲ. "ತಿನ್ಲಿ ಬಿಡಪ್ಪಾ, ಅದ್ಕೂ ಹೊಟ್ಟೆ ಇಲ್ವಾ? ಬಳ್ಳಿ ಮತ್ತೆ ಚಿಗುರುತ್ತೆ."

ಪಕ್ಕದ ಖಾಲಿ ಸೈಟುಗಳಲ್ಲೂ ಆ ಬಳ್ಳಿ ಇತ್ತು. ಒಂದೊಂದಾಗಿ ಅವುಗಳ ಮೇಲೆ ಮನೆಗಳು ಎದ್ದವು. ಚಿಟ್ಟೆಗಳೂ ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಆ ಫೋಟೋ ತೆಗೆದ ವರ್ಷ ನಾನು ಕಂಡದ್ದು ಒಂದೇ ಒಂದು—ಹೆಣ್ಣು. ಮುಂಗಾಲಿನಿಂದ ಎಲೆ ಎಲೆಯನ್ನೂ ತಟ್ಟಿ, ರುಚಿ ನೋಡಿ, ಮೊಟ್ಟೆ ಇಡಲು ಜಾಗ ಹುಡುಕುತ್ತಿತ್ತು. ಆದರೆ ಈ ಜಾತಿ ಹೂವಿನ ಮೇಲೆ ಕೂತರೂ ರೆಕ್ಕೆ ಬಡಿಯುವುದನ್ನು ನಿಲ್ಲಿಸುವುದಿಲ್ಲ, ಅಕ್ಕ. ನನ್ನ ಫೋಟೋಗಳೆಲ್ಲ ಮಸುಕು.

ಸ್ವಲ್ಪ ಹೊತ್ತು ತಣ್ಣಗೆ ಇಟ್ಟರೆ ಚಿಟ್ಟೆ ಮರಗಟ್ಟುತ್ತದೆ, ಬೇಕಾದ ಹೂವಿನ ಮೇಲೆ ಕೂರಿಸಬಹುದು ಎಂದು ಯಾರೋ ಫೋನಿನ ಗ್ರೂಪಿನಲ್ಲಿ ಬರೆದಿದ್ದರು. ಹಿಡಿದೆ. ಅದು ಮೊಟ್ಟೆ ಇಡುವ ಮೊದಲೇ ಹಿಡಿದೆ. ಟಿಫನ್ ಡಬ್ಬಿಯಲ್ಲಿ ಹಾಕಿ ನಿಮ್ಮ ಅಡುಗೆಮನೆಗೆ ಬಂದೆ. ನೀವು ಸೊಪ್ಪು ಬಿಡಿಸುತ್ತಿದ್ದಿರಿ.

"ಏನಪ್ಪಾ ಡಬ್ಬೀಲಿ?"

"ಊರಿಂದ ತಂದ ಬೆಣ್ಣಿರಿ ಅಕ್ಕಾರ."

ಬೇಗ ಆಗಲಿ ಎಂದು ಮೇಲಿನ ಫ್ರೀಜರಿನಲ್ಲೇ ಇಟ್ಟೆ. ಹತ್ತು ನಿಮಿಷ ಸಾಕು ಅಂದುಕೊಂಡಿದ್ದೆ. ಅಷ್ಟರಲ್ಲಿ ಸ್ಟುಡಿಯೋ ಓನರನ ಫೋನು—ಯಾವುದೋ ಸ್ಕೂಲಿನ ಮಕ್ಕಳೆಲ್ಲ ಐಡಿ ಕಾರ್ಡಿಗೆ ಬಂದು ನಿಂತಿದ್ದಾರೆ, ಓಡಿ ಬಾ. ಓಡಿದೆ. ದಾರಿಯಲ್ಲಿ ನೆನಪಾಯಿತು. ಹೌದು, ನೆನಪಾಯಿತು—ಮರೆತೆ ಎಂದು ಬರೆದರೆ ಅದೂ ಸುಳ್ಳು. ನಿಮಗೆ ಫೋನ್ ಮಾಡಿ ಡಬ್ಬಿ ತೆರೆಯಿರಿ ಎನ್ನಬೇಕಿತ್ತು. ಬೆಣ್ಣೆ ಎಂದ ಬಾಯಿ, ನಾಚಿಕೆಗೆ ಮುಚ್ಚಿಕೊಂಡೇ ಇತ್ತು.

ಸಂಜೆ ಬಂದಾಗ ನೀವೇ ಡಬ್ಬಿ ತೆಗೆದು ಸೆರಗಿನಲ್ಲಿ ಒರೆಸಿ ಕೊಟ್ಟಿರಿ. "ತಗೋಪ್ಪಾ ನಿನ್ ಬೆಣ್ಣೆ, ಕಲ್ಲಾಗಿರುತ್ತೆ." ಆ ತಣ್ಣನೆಯ ಸ್ಟೀಲು ಈಗಲೂ ನನ್ನ ಅಂಗೈಯಲ್ಲಿದೆ.

ಬೆಳಗಿನ ಬಿಸಿಲಿಗೆ ಇಟ್ಟರೆ ಎದ್ದೀತು ಎಂದು ಕಾದೆ. ಏಳಲಿಲ್ಲ. ಆಮೇಲೆ ನಾನು ಮಾಡಿದ್ದು ಕೇಳಿ. ಅದನ್ನು ನಿಮ್ಮ ದಾಸವಾಳದ ಮೇಲೆ ಕೂರಿಸಿ, ರೆಕ್ಕೆ ಬಿಡಿಸಿ, ಇಬ್ಬನಿಯಂತೆ ಕಾಣಲೆಂದು ನೀರು ಚಿಮುಕಿಸಿ ಫೋಟೋ ತೆಗೆದೆ. ನೆಟ್ಟಗೆ ಕೂರಿಸುವಾಗ ಹೊಟ್ಟೆ ಒತ್ತಿ, ಕಿತ್ತಳೆ ಬಣ್ಣದ ಪುಟ್ಟ ಮೊಟ್ಟೆಯೊಂದು ಬೆರಳಿಗೆ ಅಂಟಿತು. ಪ್ಯಾಂಟಿಗೆ ಒರೆಸಿಕೊಂಡೆ.

ಆ ಫೋಟೋಗೆ ಬಹುಮಾನ ಬಂತು, ಪೇಪರಿನಲ್ಲೂ ಬಂತು. ನೀವು ಕೇಸರಿಬಾತ್ ಮಾಡಿ ಬೀದಿಗೆಲ್ಲ ಹಂಚಿದಿರಿ—"ನಮ್ ಬಳ್ಳೀಲಿ ಹುಟ್ಟಿದ್ದು!" ನಾನೂ ಎರಡು ತಟ್ಟೆ ತಿಂದೆ.

ಮುಂದಿನ ವರ್ಷ ಒಂದೂ ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಒಂದು ದಿನ ಬಳ್ಳಿಯ ಬುಡದಲ್ಲಿ ಕೂತು ನೀವು ಕೇಳಿದಿರಿ: "ಮಗಳ ನಿಶ್ಚಿತಾರ್ಥ ಅಂತ ಗೋಡೆಗೆ ಸುಣ್ಣ ಹೊಡಿಸಿದ್ನಲ್ಲಪ್ಪಾ, ಎಲೆಗೆಲ್ಲ ಸಿಡಿದಿತ್ತು. ಅದಕ್ಕೇ ಮುನಿಸ್ಕೊಂಡ್ವೇನೋ?"

"ಇರಬಹುದ್ರಿ ಅಕ್ಕಾರ," ಎಂದೆ.

ಚಿಟ್ಟೆಯನ್ನು ಕೊಂದದ್ದಕ್ಕಿಂತ ದೊಡ್ಡ ತಪ್ಪು ಆ ಒಂದು ಮಾತು. ಅದಾದ ಮೇಲೆ ನೀವು ಆ ಗೋಡೆಗೆ ಸುಣ್ಣ ಮುಟ್ಟಿಸಲಿಲ್ಲ. ಮಗಳ ಮದುವೆಗೂ ಪಾಚಿ ಕಟ್ಟಿದ ಗೋಡೆ. ಬೀಗರ ಮುಂದೆ ಮರ್ಯಾದೆ ಹೋಯಿತು ಎಂದು ಅವಳು ಅತ್ತಳು, ತಿಂಗಳುಗಟ್ಟಲೆ ನಿಮ್ಮೊಡನೆ ಮಾತು ಬಿಟ್ಟಳು. ನಾನು ಮೇಲಿನ ಕೋಣೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡೆ. ಆಮೇಲೆ ಕೃಷ್ಣರಾಜಪುರಕ್ಕೆ ಮನೆ ಬದಲಿಸಿದೆ. ಸ್ಟುಡಿಯೋ ಹತ್ತಿರ ಆಗುತ್ತದೆ ಎಂದು ನಿಮಗೆ ಹೇಳಿದೆ.

ಚಿಟ್ಟೆಗಳ ವಿಷಯ ಬಲ್ಲ ಮೇಷ್ಟರೊಬ್ಬರನ್ನು, ಯಾರದೋ ಕಥೆ ಎಂಬಂತೆ ಕೇಳಿದ್ದೆ. ಒಂದು ಚಿಟ್ಟೆ ಸತ್ತರೆ ಸಂತತಿ ಅಳಿಯುವುದಿಲ್ಲ, ಸುತ್ತಲಿನ ಬಳ್ಳಿ ಹೋದದ್ದೇ ಕಾರಣ ಎಂದರು. ನಿಜವೇ ಇರಬೇಕು. ಆದರೆ ಎಲ್ಲ ಹೋದ ಮೇಲೆ ಉಳಿದಿದ್ದ ಒಂದು, ಉಳಿದಿದ್ದ ಒಂದೇ ಬಳ್ಳಿಗೆ, ದಾರಿ ಹುಡುಕಿಕೊಂಡು ಬಂದಿತ್ತು—ಅಲ್ಲಿ ಕಾದು ನಿಂತಿದ್ದವನು ನಾನು. ಈಗಲೂ ಸ್ಟುಡಿಯೋದಲ್ಲಿ ಯಾರಾದರೂ ಅಲುಗಾಡದೆ ಕೂತರೆ ನನಗೆ ಹೆದರಿಕೆಯಾಗುತ್ತದೆ.

ಮೊನ್ನೆ ಬೆಳಗ್ಗೆ ನಿಮ್ಮನ್ನು ನೋಡಿಹೋಗೋಣವೆಂದು ಬಂದಿದ್ದೆ. ಬಾಗಿಲು ತೆರೆದಿತ್ತು. ದೀಪ ಹಚ್ಚಿ, ಯಜಮಾನರ ಫೋಟೋಗೆ ಕೈಮುಗಿದು, ನೀವು ಪಕ್ಕದ ಆ ಚಿಟ್ಟೆಯ ಫೋಟೋ ಕಡೆ ತಿರುಗಿದಿರಿ. ಗಾಜಿಗೆ ಬೆರಳಿಟ್ಟು ಅಂದಿರಿ: "ತಪ್ಪಾಯ್ತು ಕಣವ್ವ, ಗೊತ್ತಿಲ್ದೆ ಮಾಡ್ಬಿಟ್ಟೆ." ದಿನಾ ಹೀಗೆಯೇ ಅಂತೆ, ನಿಮ್ಮನ್ನು ನೋಡಿಕೊಳ್ಳಲು ಬಂದಿರುವ ಮಗಳು ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು. ನಾನು ಒಳಗೆ ಬಾರದೆ ಹೊರಟುಹೋದೆ.

ನಿಮ್ಮ ಕಣ್ಣಿಗೆ ಈಗ ಅಕ್ಷರ ಕಾಣುವುದಿಲ್ಲ. ಮಗಳ ಕೈಲಿ ಓದಿಸಿ ತಪ್ಪಿಸಿಕೊಳ್ಳುವ ಆಸೆ ನನಗಿತ್ತು—ಬೇಡ. ಭಾನುವಾರ ನಾನೇ ಬಂದು, ಎದುರು ಕೂತು ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಬಾಗಿಲು ತೋರಿಸಿದರೆ ಹೋಗುತ್ತೇನೆ. ಆದರೆ ನಾನು ಬೆಳಕು ಹರಿಯುವಾಗಲೇ ಬರಬೇಕು, ಅಕ್ಕ. ನೀವು ಇನ್ನೊಂದು ಸಲ ಆ ಚಿಟ್ಟೆಗೆ ತಪ್ಪಾಯ್ತು ಎನ್ನುವ ಮೊದಲು.